ಅಚ್ಚಿಗೆ ಮುಂಚಿನ ಪ್ರಕಟಣೆ
ಕೃತಿ ಅಚ್ಚಾದರಷ್ಟೇ ಪ್ರಕಟವಾದಂತೆ ಎಂದು ಹೊಸ ಬರಹಗಾರರು ಚಡಪಡಿಸುತ್ತಾರೆ. ಹರಪನಹಳ್ಳಿ ಭೀಮವ್ವನ ಉದಾಹರಣೆ ಬೇರೆಯೇ ಹೇಳುತ್ತದೆ. 19ನೇ ಶತಮಾನದ ಈ ಹರಿದಾಸಿಯ ಹಾಡುಗಳು ಮೊದಲು ಹರಡಿದ್ದು ಹೆಂಗಸರ ಬಾಯಿಂದ ಬಾಯಿಗೆ. ಅಚ್ಚು ಬಂದದ್ದು ಆಮೇಲೆ. ಹಾಗೆ ಹರಡಿದ ಹಾಡಿನಲ್ಲಿ ಕರ್ತೃವಿನ ಗುರುತು ಉಳಿದೀತೇ ಎಂಬ ಆಕ್ಷೇಪ ಸಹಜ. ಅದಕ್ಕೇ ಅಂಕಿತವಿದೆ: ‘ಭೀಮೇಶಕೃಷ್ಣ’ ಎಂಬುದು ಹಾಡಿನೊಳಗೇ ಕೂತಿದೆ, ಕಿತ್ತುಹಾಕುವುದು ಸುಲಭವಲ್ಲ. ಬಾಯಿಂದ ಬಾಯಿಗೆ ಪಾಠ ಬದಲಾಗುತ್ತದೆ, ನಿಜ. ಅಲ್ಲಿ ಅಚ್ಚು ಬೇಕು. ಕಾದಂಬರಿಗಂತೂ ಬೇರೆ ದಾರಿಯೇ ಇಲ್ಲ, ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ಯನ್ನು ಯಾರು ಕಂಠಪಾಠ ಮಾಡಿಯಾರು? ಆದರೂ ಕೂಡ್ಲಿಗಿಯ, ಹಡಗಲಿಯ ಹೊಸ ಕವಿ ಸಾಲ ಮಾಡಿ ಸಾವಿರ ಪ್ರತಿ ಮುದ್ರಿಸಿ ಅಟ್ಟಕ್ಕೇರಿಸುವುದಕ್ಕಿಂತ, ಮೊದಲು ಹತ್ತು ಜನರೆದುರು ಓದಲಿ. ಅವರು ಆಕಳಿಸಿದ ಕಡೆ ತಿದ್ದಲಿ, ಪತ್ರಿಕೆಗೆ ಕಳಿಸಲಿ, ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಪ್ರೋತ್ಸಾಹಧನಕ್ಕೆ ಆಮೇಲೆ ಅರ್ಜಿ ಹಾಕಲಿ.