ಬೆಟ್ಟದ ಬುಡದ ಪುಟ್ಟ ಮನುಷ್ಯ

ಬೆಳಗಿನ ಹೊತ್ತು ಮೇಲುಕೋಟೆಯ ಕಲ್ಯಾಣಿಯ ಬಳಿ ನಿಂತು ತಲೆಯೆತ್ತಿದರೆ, ಯೋಗನರಸಿಂಹಸ್ವಾಮಿ ಬೆಟ್ಟದ ಮೆಟ್ಟಿಲು ಹತ್ತುವವರು ಇರುವೆ ಸಾಲಿನಂತೆ ಕಾಣುತ್ತಾರೆ. ಹೆಗಲ ಮೇಲಿನ ಟವೆಲ್ಲಿನ ಬಿಳುಪಷ್ಟೇ ಕಣ್ಣಿಗೆ ಬೀಳುತ್ತದೆ. ಆಗೆಲ್ಲ ನನಗೆ ಹಳೆಯ ಮೈಸೂರು ಸೀಮೆಯ ಚಿತ್ರಗಳು ನೆನಪಾಗುತ್ತವೆ.

ಕಲಾವಿದ ರಾಬರ್ಟ್ ಹೋಮ್ ಯುದ್ಧಕ್ಕೆ ಹೊರಟ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದು ಈ ಸೀಮೆಯ ಕೋಟೆ, ಬೆಟ್ಟಗಳನ್ನು ಬರೆದ. 1794ರಲ್ಲಿ ಆ ಚಿತ್ರಗಳು ಪುಸ್ತಕವಾಗಿ ಬಂದವು. ಆ ಕಾಲದ ಇಂಥ ಚಿತ್ರಗಳಲ್ಲಿ ಬಂಡೆ, ಆಕಾಶಗಳದ್ದೇ ದೊಡ್ಡ ಪಾಲು; ಬುಡದಲ್ಲೆಲ್ಲೋ ಕಡ್ಡಿಯಷ್ಟು ಮನುಷ್ಯರು. ಅವರನ್ನು ಬೆರಳಿನಿಂದ ಮುಚ್ಚಿ ನೋಡಿ, ಬೆಟ್ಟದ ಎತ್ತರವೇ ಕಳೆದುಹೋಗುತ್ತದೆ. ಅಳತೆ ಕೊಡುವವನೇ ಆ ಪುಟ್ಟ ಮನುಷ್ಯ. ಯುದ್ಧದ ನಡುವೆ ಹುಟ್ಟಿದ ಚಿತ್ರಗಳಲ್ಲೂ ಇಷ್ಟೊಂದು ಮೌನವಿದೆಯಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಮುಂದಿನ ಸಲ ಮೇಲುಕೋಟೆಯಲ್ಲಿ ಫೋಟೊ ತೆಗೆಯುವಾಗ, ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುವ ಅಜ್ಜಿಯನ್ನು ದಯವಿಟ್ಟು ಚಿತ್ರದಿಂದ ಆಚೆ ಬಿಡಬೇಡಿ.