ಗ್ಯಾಸ್ ಮೇಲೇರುತ್ತಾ, ಕೆಳಗಿಳಿಯುತ್ತಾ? ಮೋಲ್ ಹೇಳುತ್ತೆ

ಇವತ್ತಿನ ವಿಷಯ ಮೋಲ್. ಮಕ್ಕಳಿಗೆ ಒಂಬತ್ತನೇ ಕ್ಲಾಸ್ ಕೆಮಿಸ್ಟ್ರಿ ಹೇಳಿಕೊಡೋಕೆ ಕೂತ ಅಪ್ಪ ಅಮ್ಮಂದಿರು ಹೆಚ್ಚಾಗಿ ತಡವರಿಸೋದು ಇಲ್ಲೇ. ಸೂತ್ರ ನೆನಪಿರುತ್ತೆ, ಅದು ಯಾಕೆ ಬೇಕು ಅನ್ನೋದು ಮರೆತಿರುತ್ತೆ.

ನಮ್ಮ ಸಾನಪಾಡಾ ಪಕ್ಕದಲ್ಲೇ ವಾಶಿ ಎಪಿಎಂಸಿ ಮಾರ್ಕೆಟ್ ಇದೆಯಲ್ಲ, ಅಲ್ಲಿ ಅಕ್ಕಿ ಕಾಳನ್ನು ಯಾರೂ ಎಣಿಸಲ್ಲ, ತೂಗ್ತಾರೆ. ಒಂದು ಕಾಳಿನ ತೂಕ ಗೊತ್ತಿದ್ರೆ ಮೂಟೆಯಲ್ಲಿ ಎಷ್ಟು ಕಾಳಿವೆ ಅಂತ ಲೆಕ್ಕ ಹಾಕಬಹುದು. ಪರಮಾಣುಗಳನ್ನೂ ಹೀಗೇ ತೂಗಿ ಎಣಿಸಬೇಕು.

ಈಗ ಒಂದು ಡಜನ್ ನಿಂಬೆಹಣ್ಣು, ಒಂದು ಡಜನ್ ತೆಂಗಿನಕಾಯಿ ತಗೊಳ್ಳಿ. ನಿಂಬೆ 50 ಗ್ರಾಂ, ಕಾಯಿ 600 ಗ್ರಾಂ ಅಂದ್ಕೊಳ್ಳಿ. ಒಂದು ಕಾಯಿ ಒಂದು ನಿಂಬೆಗಿಂತ 12 ಪಟ್ಟು ಭಾರ. ಡಜನ್‌ಗೆ ಡಜನ್ ಇಟ್ಟರೂ 12 ಪಟ್ಟೇ. ಹೈಡ್ರೋಜನ್ 1, ಕಾರ್ಬನ್ 12, ಆಕ್ಸಿಜನ್ 16 ಅಂತೀವಲ್ಲ, ಅದೂ ಇಂಥದ್ದೇ ಹೋಲಿಕೆ. ಇದೇ ಸಾಪೇಕ್ಷ ದ್ರವ್ಯರಾಶಿ. ಇದಕ್ಕೆ ಯೂನಿಟ್ ಇಲ್ಲ. ಕಾರ್ಬನ್-12 ಪರಮಾಣುವನ್ನು ಸರಿಯಾಗಿ 12 ಅಂತ ಇಟ್ಟುಕೊಂಡು ಉಳಿದದ್ದನ್ನು ಹೋಲಿಸ್ತಾರೆ.

ಈ ಅಂಕಿಗಳ ಮುಂದೆ 'ಗ್ರಾಂ' ಸೇರಿಸಿ. 1 ಗ್ರಾಂ ಹೈಡ್ರೋಜನ್, 12 ಗ್ರಾಂ ಕಾರ್ಬನ್, 16 ಗ್ರಾಂ ಆಕ್ಸಿಜನ್: ಮೂರರಲ್ಲೂ ಪರಮಾಣುಗಳ ಎಣಿಕೆ ಹೆಚ್ಚುಕಮ್ಮಿ ಒಂದೇ, 6.022 × 10²³. ಈ ದೊಡ್ಡ 'ಡಜನ್ನೇ' ಮೋಲ್. 2019ರ ಮೇ 20ರಿಂದ ಈ ಸಂಖ್ಯೆಯನ್ನೇ ಮೋಲ್‌ನ ವ್ಯಾಖ್ಯೆಯಾಗಿ ನಿಗದಿ ಮಾಡಿದ್ದಾರೆ.

ಸರಿ, ಇದರಿಂದ ನಮಗೇನು? ಅಡುಗೆಮನೆಗೆ ಬನ್ನಿ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಎಣಿಕೆ ಸಮ ಅಂತ ಅವೊಗಾಡ್ರೊ 1811ರಲ್ಲಿ ಹೇಳಿದ. ಅಂದ್ರೆ ಒಂದೊಂದು ಲೀಟರ್ ಇಟ್ಟು ನೋಡಿದ್ರೆ, ಯಾವ ಅನಿಲದ ಅಣು ಭಾರವೋ ಆ ಅನಿಲವೇ ಭಾರ.

ಗಾಳಿಯಲ್ಲಿ ಸುಮಾರು ನಾಲ್ಕು ಪಾಲು ನೈಟ್ರೋಜನ್ (28), ಒಂದು ಪಾಲು ಆಕ್ಸಿಜನ್ (32). ಸರಾಸರಿ ಸುಮಾರು 29. ನವಿ ಮುಂಬೈಯ ಮನೆಗಳಿಗೆ ಪೈಪಲ್ಲಿ ಬರೋ ಮಹಾನಗರ ಗ್ಯಾಸ್ ಮುಖ್ಯವಾಗಿ ಮೀಥೇನ್: 12 + 4 = 16. ಗಾಳಿಗಿಂತ ಹಗುರ, ಸೋರಿದ್ರೆ ಛಾವಣಿ ಕಡೆ ಏರುತ್ತೆ. ಊರಲ್ಲಿರೋ 14.2 ಕಿಲೋ ಸಿಲಿಂಡರ್‌ನಲ್ಲಿ ಪ್ರೊಪೇನ್ (36 + 8 = 44), ಬ್ಯೂಟೇನ್ (48 + 10 = 58). ಗಾಳಿಗಿಂತ ಭಾರ, ನೆಲದಲ್ಲಿ, ತಗ್ಗಿನಲ್ಲಿ ಕೂರುತ್ತೆ.

ಹಾಗಾಗಿ ಪೈಪ್ ಗ್ಯಾಸ್ ಇರೋ ಅಡುಗೆಮನೆಯಲ್ಲಿ ಮೇಲಿನ ಗವಾಕ್ಷಿಯನ್ನು ಪೀಠೋಪಕರಣದಿಂದಲೋ ಗಾಜಿನಿಂದಲೋ ಮುಚ್ಚಬೇಡಿ. ಸಿಲಿಂಡರ್ ಇದ್ದರೆ ಗಾಳಿ ನೆಲಮಟ್ಟದಲ್ಲೂ ಹೊರಹೋಗೋ ಹಾಗಿರಲಿ. ಊರಿಂದ ಬರೋ ಅಮ್ಮ, ಅತ್ತೆಗೆ ಇದನ್ನು ತಪ್ಪದೆ ಹೇಳಿ. ಅವರ ಅನುಭವ ಸಿಲಿಂಡರ್‌ದು. ಒಂದು ಮಾತು: ಗಾಳಿಯ ಜೊತೆ ಪೂರ್ತಿ ಬೆರೆತ ಮೇಲೆ ಗ್ಯಾಸ್ ಮತ್ತೆ ಬೇರೆಯಾಗಲ್ಲ. ಆದ್ದರಿಂದ ವಾಸನೆ ಬಂದ್ರೆ ಗ್ಯಾಸ್ ಯಾವುದೇ ಇರಲಿ, ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಎಕ್ಸಾಸ್ಟ್ ಫ್ಯಾನ್ ಕೂಡ.

ಮಕ್ಕಳಿಗೊಂದು ಪ್ರಶ್ನೆ: ಅಮೋನಿಯಾದಲ್ಲಿ ಒಂದು ನೈಟ್ರೋಜನ್ (14), ಮೂರು ಹೈಡ್ರೋಜನ್. ಅದು ಮೇಲೋ, ಕೆಳಗೋ? ಉತ್ತರ ಅವರೇ ಹೇಳಲಿ.