ಗಾಳಿಯ ತೂಕದಲ್ಲೂ ನ್ಯಾಯ ಬೇಕು



ಅಳತೆ ಮತ್ತು ತೂಕದಲ್ಲಿ ವಂಚಿಸುವವರ ಹೆಸರನ್ನೇ ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯಕ್ಕೆ ಇಡಲಾಗಿದೆ. ಪ್ರವಾದಿ ಶುಐಬರು(ಅ) ಮದ್‌ಯನ್ ಜನತೆಯನ್ನು ಎಚ್ಚರಿಸಿದ್ದೂ ತಕ್ಕಡಿಯ ವಿಷಯದಲ್ಲಿಯೇ. ನಾವು ಈ ಬೋಧನೆಯನ್ನು ಕಿರಾಣಿ ಅಂಗಡಿಗೆ ಸೀಮಿತಗೊಳಿಸಿಬಿಟ್ಟಿದ್ದೇವೆ. ಆಳುವವರ ಕೈಯಲ್ಲಿರುವ ತಕ್ಕಡಿಯತ್ತ ನಮ್ಮ ದೃಷ್ಟಿ ಹರಿಯುವುದು ಅಪರೂಪ.

ಗಾಳಿಯಲ್ಲಿನ ಧೂಳನ್ನೂ ತೂಗಲಾಗುತ್ತದೆ. ಇದು ಅಲಂಕಾರದ ಮಾತಲ್ಲ. ನಿಗದಿತ ಪ್ರಮಾಣದ ಗಾಳಿಯನ್ನು ಸೋಸುಕಾಗದದ ಮೂಲಕ ಹೀರಿ, ಆ ಕಾಗದದ ಮೊದಲಿನ ಮತ್ತು ನಂತರದ ತೂಕದ ವ್ಯತ್ಯಾಸವನ್ನು ಲೆಕ್ಕ ಹಾಕುತ್ತಾರೆ. ಸಿಬ್ಬಂದಿಯೇ ನಡೆಸುವ ಇಂತಹ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನ, ಅಂದರೆ ವರ್ಷಕ್ಕೆ 104 ದಿನ ಮಾಪನ ನಡೆಯಬೇಕೆಂಬುದು ನಿಯಮ. ಉಳಿದ ದಿನಗಳಲ್ಲಿ ಜನರು ಉಸಿರಾಡಿದ್ದನ್ನು ಬರೆದಿಡುವವರು ಯಾರು? ಸ್ವಯಂಚಾಲಿತ ಕೇಂದ್ರಗಳು ಹಗಲಿರುಳು ಅಳೆಯುತ್ತವೆ, ನಿಜ. ಆದರೆ ಅವು ದುಬಾರಿ, ಹಾಗಾಗಿ ಎಲ್ಲ ಊರುಗಳಿಗೂ ಆ ಭಾಗ್ಯವಿಲ್ಲ.

ಈ ಅಂಕಿಗಳನ್ನು ಜನರಿಗೆ ತಿಳಿಸಲು 2015ರಿಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ ಜಾರಿಯಲ್ಲಿದೆ. ಎಂಟು ಮಾಲಿನ್ಯಕಾರಕಗಳನ್ನು ಪರಿಗಣಿಸಿ, ಅವುಗಳಲ್ಲಿ ಅತ್ಯಂತ ಕೆಟ್ಟದ್ದರ ಅಂಕೆಯನ್ನೇ ಸೂಚ್ಯಂಕವೆಂದು ಪ್ರಕಟಿಸುತ್ತಾರೆ. ಇದು ಪ್ರಶಂಸನೀಯ ನಿಯಮ. ನಮ್ಮ ತಕರಾರು ಇರುವುದು ಅಂಕೆಗೆ ತೊಡಿಸುವ ಪದದ ಬಗ್ಗೆ. 51ರಿಂದ 100ರವರೆಗಿನ ಸೂಚ್ಯಂಕಕ್ಕೆ 'ತೃಪ್ತಿಕರ' ಎಂಬ ಮುದ್ರೆ ಬೀಳುತ್ತದೆ. ಪಿ.ಎಂ. 2.5 ಎಂಬ ಅತಿಸೂಕ್ಷ್ಮ ಕಣಗಳು ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದಾಗ ಸೂಚ್ಯಂಕ 100 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ 24 ಗಂಟೆಗಳಿಗೆ ಸೂಚಿಸಿದ ಮಿತಿ ಕೇವಲ 15. ನಾಲ್ಕು ಪಟ್ಟು ಹೆಚ್ಚು ವಿಷವನ್ನು ಸೇವಿಸಿದವನು ತೃಪ್ತನಾಗಿರಬೇಕು! ಅಂಕೆ ಸುಳ್ಳು ಹೇಳುತ್ತಿಲ್ಲ, ಆದರೆ ತಾಯಿಯು ಮಗುವನ್ನು ಹೊರಗೆ ಕಳುಹಿಸುವುದು ಆ ಪದವನ್ನು ನಂಬಿ.

ತಕ್ಕಡಿಯ ಇನ್ನೊಂದು ತುದಿಯಲ್ಲೂ ತೊಡಕಿದೆ. ಈ ಮಾಪಕ 500ಕ್ಕೆ ನಿಂತುಬಿಡುತ್ತದೆ. 2024ರ ನವೆಂಬರ್ 18ರಂದು ದಿಲ್ಲಿಯ ಸೂಚ್ಯಂಕ 490ನ್ನು ದಾಟಿತ್ತು. ಅದೂ ನಗರದ ಕೇಂದ್ರಗಳೆಲ್ಲದರ 24 ಗಂಟೆಗಳ ಸರಾಸರಿ. ಆನಂದ ವಿಹಾರದ ಬಸ್ ನಿಲ್ದಾಣದ ಬಳಿ ದಿನವಿಡೀ ನಿಲ್ಲುವ ಹಮಾಲಿಗೂ ಮರಗಳ ನಡುವಿನ ಬಂಗಲೆಯವನಿಗೂ ಒಂದೇ ಸರಾಸರಿ ಹಂಚುವುದು ಯಾವ ನ್ಯಾಯ? ಸಾಲದೆಂಬಂತೆ, 24ರಲ್ಲಿ 16 ಗಂಟೆಗಳ ಮಾಹಿತಿ ಲಭಿಸಿದರೂ ಆ ದಿನದ ಸೂಚ್ಯಂಕವನ್ನು ಲೆಕ್ಕ ಹಾಕಬಹುದೆಂದು ನಿಯಮವಿದೆ. ಆ ಎಂಟು ಗಂಟೆ ಯಾವುವು, ಲಾರಿಗಳು ಊರು ಹೊಕ್ಕುವ ರಾತ್ರಿಯವೇ ಎಂದು ಓದುಗನಿಗೆ ತಿಳಿಯದು.

ನಮ್ಮ ರಾಜ್ಯದಲ್ಲೂ ಇದೇ ಸೂಚ್ಯಂಕ, ಇದೇ ಪದಗಳು. ಪ್ರತಿಯೊಂದು ಜಮಾಅತ್ ಸಮಿತಿಯೂ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಅರ್ಜಿ ಹಾಕಲಿ. ನಮ್ಮ ಮೊಹಲ್ಲಾಕ್ಕೆ ಅತಿ ಸಮೀಪದ ಮಾಪನ ಕೇಂದ್ರ ಎಲ್ಲಿದೆ, ಕಳೆದ ವರ್ಷ ಅದು ಎಷ್ಟು ದಿನ ಕೆಲಸ ಮಾಡಿದೆ ಎಂದು ಕೇಳಲಿ. ಬರುವ ಉತ್ತರವನ್ನು, ಅದು ಏನೇ ಇರಲಿ, ಮಸೀದಿಯ ಸೂಚನಾ ಫಲಕದಲ್ಲಿ ಅಂಟಿಸಲಿ.